ಸಾಸ್ವೆಹಳ್ಳಿಗೆ ಬಂದ ಹಂತಕಿ

ಸಾಸ್ವೆಹಳ್ಳಿಯಲ್ಲಿ ಯಾರನ್ನಾದರೂ ಗುಟ್ಟಾಗಿ ಕೊಲ್ಲುವುದು ಆಗದ ಮಾತು. ಕೊಲ್ಲುವುದು ಹಾಗಿರಲಿ, ಇಲ್ಲಿ ಗುಟ್ಟಾಗಿ ಒಂದು ಪ್ಲೇಟ್ ಮಿರ್ಚಿ ತಿನ್ನುವುದೂ ಕಷ್ಟ. ಸಕ್ಕರೆ ಕಾಯಿಲೆಯವನು ಸಂಜೆ ಜಿಲೇಬಿ ಕಟ್ಟಿಸಿಕೊಂಡರೆ, ಪೊಟ್ಟಣ ಮನೆ ಮುಟ್ಟುವ ಮೊದಲೇ ಸುದ್ದಿ ಹೆಂಡತಿಯನ್ನು ಮುಟ್ಟಿರುತ್ತದೆ. ಹೋಬಳಿ ಕೇಂದ್ರ ಅಂದಮೇಲೆ ಸುತ್ತಲಿನ ಹಳ್ಳಿಯವರೆಲ್ಲ ಒಂದಲ್ಲ ಒಂದು ಕೆಲಸಕ್ಕೆ ಇಲ್ಲಿಗೇ ಬರಬೇಕು. ಬಂದವರಿಗೆ ಕೆಲಸ ಒಂದಾದರೆ ಕಣ್ಣು ಎರಡು. ಹೊಸಬ ಬಸ್ಸಿಳಿದರೆ ಕಟ್ಟೆಯಿಂದ ಮೂರು ಪ್ರಶ್ನೆ ತಪ್ಪಿದ್ದಲ್ಲ: "ಯಾವ ಊರಪ? ಯಾರ ಪೈಕಿ? ಯಾರ ಮನಿಗೆ ಹೊಂಟಿ?" ಮೂರಕ್ಕೂ ಉತ್ತರ ಒಪ್ಪಿಸದೆ ಮುಂದೆ ಹೋದ ಗಂಡು ಇನ್ನೂ ಹುಟ್ಟಿಲ್ಲ.

ಇಂಥ ಊರಿಗೆ 2025ರ ಯುಗಾದಿಗೆ ಒಬ್ಬ ಹಂತಕಿ ಬಂದಳು. ಎಲ್ಲರ ಹಾಗೆ ಬಸ್ಸಿನಲ್ಲೇ ಬಂದರೂ ಕಟ್ಟೆಯವರ ಕಣ್ಣಿಗೆ ಬೀಳಲಿಲ್ಲ. ಅವಳಿದ್ದದ್ದು ಬೆಂಗಳೂರಿನಿಂದ ಹಬ್ಬಕ್ಕೆ ಬಂದ ನನ್ನ ಅಕ್ಕನ ಮಗನ ಬ್ಯಾಗಿನೊಳಗೆ, ಒಂದು ವಿಡಿಯೊ ಗೇಮಿನ ಡಿಸ್ಕಿನಲ್ಲಿ. ಆಟದ ಹೆಸರು ‘ಅಸ್ಯಾಸಿನ್ಸ್ ಕ್ರೀಡ್ ಶ್ಯಾಡೋಸ್’. ಯೂಬಿಸಾಫ್ಟ್ ಕಂಪನಿಯ ಕೆನಡಾದ ಕ್ವಿಬೆಕ್ ಸ್ಟುಡಿಯೊದವರು ಮಾಡಿದ್ದು. 2024ರ ನವೆಂಬರಿಗೆ ಬರುತ್ತದೆ ಅಂದರಂತೆ, ಆಮೇಲೆ ಫೆಬ್ರವರಿ ಅಂದರಂತೆ, ಕೊನೆಗೆ 2025ರ ಮಾರ್ಚ್ 20ಕ್ಕೆ ಬಿಟ್ಟರಂತೆ. "ಎಷ್ಟ್ ಕಾಯಿಸಿದ್ರು ಗೊತ್ತಾ ಮಾವ!" ಅಂತ ಅಳಿಯ ನಿಟ್ಟುಸಿರುಬಿಟ್ಟ. ತುಂಗಭದ್ರೆಯ ನೀರೆತ್ತಿ ಚನ್ನಗಿರಿ ಕಡೆಯ ಕೆರೆ ತುಂಬಿಸುವ ಏತ ನೀರಾವರಿ ಯೋಜನೆಗೆ ನಮ್ಮೂರಿನ ಹೆಸರೇ ಇದೆ. ಅದರ ದಾರಿ ಕಾದವರ ಮುಂದೆ ನಾಲ್ಕು ತಿಂಗಳ ಲೆಕ್ಕ ಹೇಳುತ್ತಾನೆ, ಹುಡುಗ.

ಆಟಕ್ಕೆ ಡಿಸ್ಕ್ ಒಂದೇ ಸಾಲದು, ಅದನ್ನು ಓಡಿಸುವ ಪೆಟ್ಟಿಗೆಯೂ ಬೇಕು. ಪ್ಲೇಸ್ಟೇಷನ್ 5. ಬೆಲೆ 50,000 ರೂಪಾಯಿ ದಾಟುತ್ತದೆ. ನಮ್ಮ ಕಡೆ ಯಾವ ಬೆಲೆಯನ್ನೂ ರೂಪಾಯಿಯಲ್ಲಿ ಹೇಳಿದರೆ ಅರ್ಥವಾಗುವುದಿಲ್ಲ, ಅಡಿಕೆಯಲ್ಲಿ ಹೇಳಬೇಕು. "ಒಂದ್ ಕ್ವಿಂಟಾಲ್ ರಾಶಿ ಅಡಿಕೆ ಕಣವ್ವ" ಅಂದೆ. ನಮ್ಮವ್ವ ಟಿ.ವಿ. ಪಕ್ಕದ ಆ ಬಿಳಿ ಪೆಟ್ಟಿಗೆಯನ್ನು ಮೇಲಿಂದ ಕೆಳಗೆ ನೋಡಿ, "ಕೊನೆ ತೆಗ್ದು, ಸುಲ್ದು, ಬೇಯ್ಸಿ, ಒಣಗ್ಸೋದು ಇದಕ್ಕಾ?" ಅಂದಳು. ಮೊದಲ ವಿಮರ್ಶೆ ಅದೇ.

ಆಟ ಶುರುವಾಯಿತು. 1579ರ ಜಪಾನು. ಓದಾ ನೊಬುನಾಗ ಎಂಬ ದಂಡನಾಯಕ ದೇಶವನ್ನೆಲ್ಲ ಬಗಲಿಗೆ ಹಾಕಿಕೊಳ್ಳಲು ಹೊರಟ ಕಾಲ. ಇಗಾ ಎಂಬ ಬೆಟ್ಟದ ಸೀಮೆಯ ಹುಡುಗಿ ನಾವೊಯೆ ನಮ್ಮ ಹಂತಕಿ. ಚಿತ್ರದ ಚೆಂದಕ್ಕೆ ದೃಷ್ಟಿ ತೆಗೆಯಬೇಕು. ಬಿದಿರುಮೆಳೆಯಲ್ಲಿ ಗಾಳಿ ಹೊಕ್ಕರೆ ನಮ್ಮ ಹಜಾರದಲ್ಲೇ ತಂಪಾದ ಹಾಗಿತ್ತು. ಹೊರಗೆ ಚೈತ್ರದ ಬಿಸಿಲು ಸುಡುತ್ತಿದ್ದುದರಿಂದ ಆ ಮೆಳೆಯನ್ನು ನೋಡಿಯೇ ಅರ್ಧ ಜನ ಕೂತರು. ಅವ್ವ ಮಾತ್ರ ಒಲೆಯ ಕಡೆಯಿಂದಲೇ ಕೂಗುತ್ತಿದ್ದಳು: "ಹಬ್ಬದ ದಿನ ಕೊಲೆ ಆಟ ಎಂಥದೋ? ಪಾಪ, ಅವ್ನೇನ್ ಮಾಡ್ಯಾನೆ ನಿಂಗೆ?" ಅಷ್ಟರಲ್ಲಿ ಕಥೆಯಲ್ಲಿ ಮುಖವಾಡದವರು ಬಂದು ನಾವೊಯೆಯ ಅಪ್ಪನನ್ನು ಕೊಂದರು. ಅವ್ವ ಸೌಟು ಕೆಳಗಿಟ್ಟು ಬಂದಳು. "ಅಪ್ಪನ್ನ ಹೊಡುದ್ರಾ? ಹಂಗಾರೆ ಬಿಡಬ್ಯಾಡ. ಅಗಾ, ಅಲ್ಲೊಬ್ಬ ನಿಂತಾನೆ ನೋಡು, ಆ ಕಂಬದ ಹಿಂದೆ!" ಆಟದಲ್ಲಿ ಗುರಿ ಹುಡುಕಿಕೊಡಲು ಗೂಢಚಾರರನ್ನು ಕಳಿಸುವ ಏರ್ಪಾಡಿದೆ. ಅಳಿಯನಿಗೆ ಅವರ ಅಗತ್ಯವೇ ಬೀಳಲಿಲ್ಲ.

ಈ ಆಟದ ಹೊಸ ಸೊಗಸಿರುವುದು ಬೆಳಕಿನಲ್ಲಿ. ನಾವೊಯೆ ದೀಪದ ಹತ್ತಿರ ನಿಂತರೆ ಕಾವಲುಗಾರನಿಗೆ ಕಾಣುತ್ತಾಳೆ, ನೆರಳಿಗೆ ಸರಿದರೆ ಇಲ್ಲ. ಆದ್ದರಿಂದ ಮೊದಲು ದೀಪ ಆರಿಸಬೇಕು, ಆಮೇಲೆ ಆಸಾಮಿಯನ್ನು. ನೆಲಕ್ಕೆ ಹೊಟ್ಟೆ ಹಚ್ಚಿ ತೆವಳಬಹುದು, ಕೊಕ್ಕೆಹಗ್ಗ ಬೀಸಿ ಮಾಡು ಹತ್ತಬಹುದು. ಹುಷಾರಿಲ್ಲದೆ ಹೆಜ್ಜೆ ಇಟ್ಟರೆ ಕೆಲವು ಅರಮನೆಯ ನೆಲಹಲಗೆಯೇ ಕಿರ್ರೆಂದು ಚಾಡಿ ಹೇಳುತ್ತದೆ. ಋತುಗಳೂ ಬದಲಾಗುತ್ತವೆ. ಬೇಸಿಗೆಯಲ್ಲಿ ಅಡಗಲು ಪೊದೆ ಇರುತ್ತದೆ. ಚಳಿಗಾಲದಲ್ಲಿ ಕೊಳ ಹೆಪ್ಪುಗಟ್ಟಿ ನೀರಿನೊಳಗೆ ಮುಳುಗುವ ದಾರಿ ಮುಚ್ಚುತ್ತದೆ, ಸೂರಿನಿಂದ ಮಂಜಿನ ಕಡ್ಡಿ ಉದುರಿ ಸದ್ದಾಗುತ್ತದೆ. ಇದನ್ನು ಮಾಡಿದವರಿಗೆ ಬೇಸಾಯ ಗೊತ್ತಿರಬೇಕು ಅಂದುಕೊಂಡೆ. ನಮ್ಮಲ್ಲೂ ಮೆಕ್ಕೆಜೋಳ ಆಳೆತ್ತರ ನಿಂತಿರುವಷ್ಟು ದಿನ ಮಾತ್ರ ಮನುಷ್ಯನಿಗೆ ಮರೆ. ಕೊಯ್ಲಾಯಿತೋ, ಅರ್ಧ ಮೈಲಿ ಆಚೆ ಬೀಡಿ ಹಚ್ಚಿದವನ ಬ್ರಾಂಡ್ ಯಾವುದೆಂದು ಈಚೆಯವರು ಹೇಳುತ್ತಾರೆ. ದೀಪದ ವಿಷಯದಲ್ಲಂತೂ ನಾವೊಯೆಗಿಂತ ನಾವೇ ಪುಣ್ಯವಂತರು. ಅವಳು ಒಂದೊಂದಾಗಿ ಆರಿಸುತ್ತಿದ್ದಾಗಲೇ ನಮ್ಮ ಓಣಿಯದ್ದೆಲ್ಲ ಒಟ್ಟಿಗೆ ಹೋಯಿತು, ಟಿ.ವಿ.ಯ ಸಮೇತ.

ಕರೆಂಟು ಬಂದಮೇಲೆ ಕಾವಲುಗಾರರ ಪರೀಕ್ಷೆ. ಇಲ್ಲೇ ನನ್ನ ತಕರಾರು. ಒಬ್ಬ ಕಾವಲುಗಾರ ಸದ್ದು ಕೇಳಿ ಬಂದ, ಜೊತೆಗಾರ ಸತ್ತು ಬಿದ್ದಿರುವುದನ್ನು ಕಂಡ, ಗಾಬರಿಯಾದ, ಕತ್ತಿ ಹಿರಿದು ನಾಲ್ಕು ಪೊದೆ ಬಗ್ಗಿ ನೋಡಿದ. ಸ್ವಲ್ಪ ಹೊತ್ತಿಗೆ ಬೇಜಾರಾಗಿ ವಾಪಸ್ಸು ಹೋಗಿ ತನ್ನ ಜಾಗದಲ್ಲಿ ನಿಂತ! ಅವ್ವನಿಗೆ ತಡೆಯಲಾಗಲಿಲ್ಲ. "ಪಕ್ಕದಾಗೆ ಹೆಣ ಬಿದ್ದೈತಿ, ಇವ್ನು ಗ್ವಾಡಿಗೆ ಒರಗ್ಕಂಡು ನಿಂತಾನಲ್ಲೋ! ಇಂಥೋರಿಗೆ ಸಂಬಳ ಯಾರು ಕೊಡ್ತಾರೆ?" ನಮ್ಮ ಕಟ್ಟೆಯ ಮೂವರು ಹಿರಿಯರನ್ನು ಆ ಕೋಟೆಯ ಬಾಗಿಲಿಗೆ ಕೂರಿಸಿ ನೋಡಬೇಕಿತ್ತು. ಕತ್ತಿ ಬೇಡ, ಗಂಟೆ ಬೇಡ, ಎಲೆಯಡಿಕೆ ಚೀಲವೊಂದು ಸಾಕು. "ಯಾರವ್ವ ನೀನು, ಇಷ್ಟೊತ್ತಿನಾಗೆ ಮಾಡ್ ಮ್ಯಾಲೆ? ನಿಮ್ಮಪ್ಪಂಗೆ ಗೊತ್ತೈತಾ?" ಅಂದಿದ್ದರೆ ನಾವೊಯೆ ಕೊಕ್ಕೆಹಗ್ಗ ಅಲ್ಲೇ ಬಿಟ್ಟು ಇಳಿದುಬರುತ್ತಿದ್ದಳು.

ಹುಲ್ಲಿನ ವಿಚಾರ ಬೇರೆ. 2007ರಲ್ಲಿ ಈ ಸರಣಿಯ ಮೊದಲ ಆಟ ಬಂದಾಗಿನಿಂದ ಹಂತಕರು ಗೋಪುರದ ತುದಿಯಿಂದ ಹುಲ್ಲಿನ ಗಾಡಿಗೆ ಹಾರುತ್ತಲೇ ಇದ್ದಾರೆ. ಎಷ್ಟೇ ಎತ್ತರದಿಂದ ಬಿದ್ದರೂ ಮೂಳೆ ಮುರಿಯುವುದಿಲ್ಲ, ಮೈ ತುರಿಸುವುದೂ ಇಲ್ಲ. ಇದನ್ನು ಬರೆದವರು ಭತ್ತದ ಹುಲ್ಲಿನ ಬಣವೆಗೆ ಒಮ್ಮೆಯೂ ಹಾರಿದವರಲ್ಲ ಅಂತ ಪ್ರಮಾಣ ಮಾಡಿ ಹೇಳುತ್ತೇನೆ. ಹಾರಿದವನಿಗೆ ಮೊದಲು ಸಿಗುವುದು ತುರಿಕೆ, ಎರಡನೆಯದು ಚೇಳು, ಮೂರನೆಯದು ಬಣವೆಯ ಯಜಮಾನ. ಮೊದಲೆರಡಕ್ಕೆ ಮದ್ದುಂಟು.

ನಾವೊಯೆಗೆ ಜೊತೆಯಾಗಿ ಇನ್ನೊಬ್ಬ ನಾಯಕನಿದ್ದಾನೆ, ಯಾಸುಕೆ. ಮೊದಲಲ್ಲಿ ಮುಖ ತೋರಿಸಿ ಹೋದವನು ಆಡಲು ಕೈಗೆ ಸಿಗಬೇಕಾದರೆ ಗಂಟೆಗಟ್ಟಲೆ ಕಾಯಬೇಕು. ಇವನು ಕಟ್ಟುಕತೆಯವನಲ್ಲ, ಇತಿಹಾಸದಲ್ಲಿದ್ದವನು. ವಾಲಿಗ್ನಾನೋ ಎಂಬ ಇಟಲಿಯ ಪಾದ್ರಿ 1574ರಲ್ಲಿ ನಮ್ಮ ಗೋವೆಗೆ ಬಂದಿಳಿದು, ಅಲ್ಲಿಂದ ಮುಂದೆ ಸಾಗಿ 1579ರಲ್ಲಿ ಜಪಾನು ತಲುಪಿದ. ಅವನ ಪರಿವಾರದಲ್ಲಿದ್ದ ಆಫ್ರಿಕದ ಆಳು ಯಾಸುಕೆ. 1581ರಲ್ಲಿ ಕ್ಯೋತೋಕ್ಕೆ ಬಂದಾಗ ಇವನನ್ನು ನೋಡಲು ಜನ ಮುಗಿಬಿದ್ದು ನೂಕುನುಗ್ಗಲಾಯಿತೆಂದೂ, ಮೈಗೆ ಮಸಿ ಹಚ್ಚಿಕೊಂಡಿದ್ದಾನೋ ಏನೋ ಎಂದು ನೊಬುನಾಗ ತೊಳೆಸಿ ನೋಡಿದನೆಂದೂ ಪಾದ್ರಿಗಳು ಪತ್ರ ಬರೆದಿಟ್ಟಿದ್ದಾರೆ. ಆಟದಲ್ಲೂ ಇವನಿಗೆ ಅಡಗುವುದು ಒಗ್ಗದು. ಬಾಗಿಲಿದ್ದರೆ ಒಡೆಯುತ್ತಾನೆ, ಎದುರಿಗಿದ್ದವನನ್ನು ನೇರ ಕೆಡವುತ್ತಾನೆ. ನಮ್ಮ ಓಣಿಯ ಹುಡುಗರೆಲ್ಲ ಒಂದೇ ಸಲಕ್ಕೆ ಯಾಸುಕೆಯ ಪಕ್ಷ ಸೇರಿದರು. ಸಹಜವೇ. ನಮ್ಮ ಹೊನ್ನಾಳಿ ಸೀಮೆಯ ಆಟ ಅಂದರೆ ಹೋರಿ ಹಬ್ಬ, ಕುಸ್ತಿ, ಟಗರಿನ ಕಾಳಗ. ಕೊಂಬಿಗೆ ಬಲೂನು, ಕೊರಳಿಗೆ ಕೊಬ್ಬರಿ, ಮೈಮೇಲೆ ಜೂಲ, ಸುತ್ತ ಕೇಕೆ. ಗೆದ್ದದ್ದು ನಾಲ್ಕು ಜನಕ್ಕೆ ಕಾಣದಿದ್ದರೆ ಗೆದ್ದು ಏನು ಬಂತು?

ಹಾಗಂತ ಬಚ್ಚಿಟ್ಟುಕೊಂಡು ಹೊಡೆಯುವ ವಿದ್ಯೆ ನಮಗೆ ಹೊಸದೆಂದು ಅಳಿಯ ಬೀಗುವುದು ಬೇಡ. ಕೀಚಕನಿಗಾಗಿ ಕತ್ತಲ ನಾಟ್ಯಶಾಲೆಯಲ್ಲಿ ಭೀಮ ಕಾದದ್ದು ಏನು ಮತ್ತೆ? ಆದರೆ ಅವನೂ ಯಾಸುಕೆಯ ಜಾಯಮಾನದವನು. ಕೊಂದು ಸುಮ್ಮನೆ ಬರಲಿಲ್ಲ, ಹೆಣವನ್ನು ಮುದ್ದೆ ಮಾಡಿಟ್ಟು ಬಂದ. ಹೆಣ ಮರೆಮಾಡುವ ಗುಂಡಿ ಒತ್ತಲಿಲ್ಲ. ಅದನ್ನು ಸರಿಯಾಗಿ ಬಲ್ಲವಳು ಚಿತ್ರದುರ್ಗದ ಓಬವ್ವ. ನಮ್ಮ ಜಿಲ್ಲೆಯ ಜಗಳೂರು 1997ರವರೆಗೂ ಚಿತ್ರದುರ್ಗ ಜಿಲ್ಲೆಯದೇ ಆದ್ದರಿಂದ ಓಬವ್ವನಲ್ಲಿ ನಮಗೂ ಒಂದು ಪಾಲಿದೆ. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ಒಬ್ಬೊಬ್ಬರಾಗಿ ತೂರಿ ಬಂದಂತೆ ಒನಕೆಯಲ್ಲಿ ಬಡಿದು, ಹೆಣವನ್ನು ಪಕ್ಕಕ್ಕೆಳೆದು, ಮುಂದಿನವನಿಗೆ ಸುಳಿವು ಹತ್ತದಂತೆ ನಿಂತಳಲ್ಲ, ನಾವೊಯೆ ಕಲಿಯಬೇಕಾದ ಪಾಠವೆಲ್ಲ ಅದರಲ್ಲೇ ಇದೆ. 1972ರ ‘ನಾಗರಹಾವು’ ಸಿನಿಮಾದಲ್ಲಿ ಜಯಂತಿ ಅದನ್ನು ಮಾಡಿ ತೋರಿಸಿದ್ದನ್ನು ಅವ್ವ ಈಗಲೂ ಕೈಯೆತ್ತಿ ಅಭಿನಯಿಸುತ್ತಾಳೆ. ಆ ಸಿನಿಮಾದ ಮೂಲ ಕಾದಂಬರಿಗಳನ್ನು ಬರೆದ ತ.ರಾ.ಸು. ಹುಟ್ಟಿದ್ದು ಇಲ್ಲೇ ಮಲೇಬೆನ್ನೂರಿನಲ್ಲಿ, 1920ರಲ್ಲಿ. ದುರ್ಗದ ಅರಮನೆಯ ಒಳಸಂಚನ್ನು ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಅಂತ ಮೂರು ಕಾದಂಬರಿಗೆ ಹಿಗ್ಗಿಸಿದವರು. ಏಳುಸುತ್ತಿನ ಕೋಟೆ, ಕತ್ತಲ ದಾರಿ, ದಳವಾಯಿಯ ದಂಗೆ, ಎಲ್ಲವೂ ತಯಾರಿದೆ. ಕ್ವಿಬೆಕ್ಕಿನವರು ಜಪಾನಿಗೆ ಹೋಗುವ ಬದಲು ಮಲೇಬೆನ್ನೂರಿಗೆ ಒಂದು ಬಸ್ಸು ಹತ್ತಿದ್ದರೆ ಸಾಕಿತ್ತು.

ಅಳಿಯನ ಹತ್ತಿರ ಇನ್ನೊಬ್ಬ ಹಂತಕನೂ ಇದ್ದ. ಡೆನ್ಮಾರ್ಕಿನವರ ‘ಹಿಟ್‌ಮ್ಯಾನ್ 2’, 2018ರದು. ಇವನ ಹೆಸರೇ ಒಂದು ನಂಬರು, 47. ಬೋಳುತಲೆ, ಹಿಂಭಾಗದಲ್ಲಿ ಅಂಗಡಿ ಸಾಮಾನಿನ ಮೇಲಿರುವಂಥ ಬಾರ್‌ಕೋಡ್. ಒಂದು ಹಂತ ಮುಂಬೈಯಲ್ಲಿ ನಡೆಯುತ್ತದೆ. ಆರಡಿಯ ಈ ಬಿಳಿಯ ಅಲ್ಲಿ ಕ್ಷೌರಿಕನ ಅಂಗಿ ತೊಟ್ಟರೆ ಕ್ಷೌರಿಕನೇ ಆಗಿಬಿಡುತ್ತಾನೆ, ಯಾರಿಗೂ ಅನುಮಾನವಿಲ್ಲ! ಮುಂಬೈಯಲ್ಲಿ ನಡೆದೀತು. ನಮ್ಮೂರ ಕಟಿಂಗ್ ಶಾಪಿನಲ್ಲಿ ಹೊಸ ಹುಡುಗ ಕತ್ತರಿ ಹಿಡಿದ ದಿನ ಅವನ ಅಜ್ಜನ ಹೆಸರಿನವರೆಗೂ ವಿಚಾರಣೆಯಾಗುತ್ತದೆ. "ಯಾರ ಪೈಕಿ?" ಅಂದಾಗ "ನಲವತ್ತೇಳು" ಅಂತ ಹೇಳಲಿ ನೋಡೋಣ. ಸರ್ವೇ ನಂಬರು ಅಂದುಕೊಂಡು ಖಾತೆ ಯಾರ ಹೆಸರಲ್ಲಿದೆ ಅಂತ ಕೇಳುತ್ತಾರೆ.

ಮಧ್ಯಾಹ್ನ ಹೋಳಿಗೆ ಉಂಡು ಹುಡುಗರು ಮಲಗಿದಾಗ ರಿಮೋಟು ನನ್ನ ಮಗಳ ಕೈಗೆ ಬಂತು. ಶಿವಮೊಗ್ಗದಲ್ಲಿ ಕಾಲೇಜು, ದಿನಾ ಬಸ್ಸು. ಅವಳು ಆಡಿದ ರೀತಿಯೇ ಬೇರೆ. ಯಾರನ್ನೂ ಕೊಲ್ಲಲಿಲ್ಲ. ಆಟದೊಳಗೆ ರಾತ್ರಿಯಾದರೆ ಸಾಕು, ಮಾಡು ಹತ್ತಿ ಒಂದರಿಂದ ಇನ್ನೊಂದಕ್ಕೆ ನಡೆಯುತ್ತಿದ್ದಳು. ದಾರಿಯಲ್ಲಿ ಸಿಕ್ಕ ಬೆಕ್ಕಿನ ಬೆನ್ನು ಸವರುತ್ತಿದ್ದಳು. ದೇವಸ್ಥಾನದ ಮೆಟ್ಟಿಲಲ್ಲಿ ಸುಮ್ಮನೆ ನಿಲ್ಲುತ್ತಿದ್ದಳು.

"ಯಾಕವ್ವ, ಮುಖವಾಡದೋರ್ನ ಹುಡುಕಲ್ವ?" ಅಂದೆ.

"ಇರಿ ಅಪ್ಪಾಜಿ, ಊರು ನೋಡ್ತಿದೀನಿ. ಯಾರೂ ಏನೂ ಕೇಳಲ್ಲ ಇಲ್ಲಿ."

ನನ್ನ ವಿಮರ್ಶೆಯ ಸಾರವನ್ನು ಅವಳೇ ಹೇಳಿಬಿಟ್ಟಿದ್ದಳು. ಪೆಟ್ಟಿಗೆಯ ಮೇಲೆ ಕತ್ತಿ ಇದೆ, ರಕ್ತ ಇದೆ. ಒಳಗೆ ಮಾರುವ ಮಾಲು ಮಾತ್ರ ಯಾರ ಕಣ್ಣಿಗೂ ಬೀಳದೆ ಓಡಾಡುವ ಸುಖ. ಕತ್ತಲಾದಮೇಲೆ ಒಬ್ಬಳೇ ಊರು ಸುತ್ತಿ ಬರುವುದಕ್ಕೆ ನಮ್ಮ ಹುಡುಗಿಯರು ಒಂದು ಕ್ವಿಂಟಾಲ್ ಅಡಿಕೆಯ ಯಂತ್ರ ಹಚ್ಚಿ ಜಪಾನಿಗೆ ಹೋಗಬೇಕಾಗಿದೆ. ಕಟ್ಟೆಯ ಹಿರಿಯರ ಬಗ್ಗೆ ಇಷ್ಟು ಹೊತ್ತು ಹೆಮ್ಮೆಯಿಂದ ಕೊಚ್ಚಿಕೊಂಡೆನಲ್ಲ, ಅವರ ಮೂರು ಪ್ರಶ್ನೆ ಗಂಡಸರಿಗೆ ಹರಟೆ, ಅವಳಿಗೆ ತನಿಖೆ.

ರಾತ್ರಿ ಊಟಕ್ಕೆ ಕೂತಾಗ ಅಳಿಯನನ್ನು ಕೇಳಿದೆ, "ಅಲ್ಲೋ, ಬೆಂಗಳೂರಿನಾಗೆ ನಿನ್ನನ್ನ ಯಾರೂ ನೋಡಲ್ಲ, ಕೇಳಲ್ಲ. ಪಕ್ಕದ ಮನೆಯೋರಿಗೆ ನಿನ್ನ ಹೆಸ್ರೂ ಗೊತ್ತಿಲ್ಲ. ಅಲ್ಲೂ ಅಡಗೋ ಆಟ ಯಾಕೆ ಬೇಕು?"

"ಅಲ್ಲಿ ಇದನ್ನ ಆಡಲ್ಲ ಮಾವ. ಅಲ್ಲಿ ನಾವೆಲ್ಲ ಸ್ಟಾರ್ಡ್ಯೂ ವ್ಯಾಲಿ ಆಡೋದು" ಅಂದ.

ಅದೇನೆಂದು ವಿಚಾರಿಸಿದೆ. ಎರಿಕ್ ಬರೋನ್ ಎಂಬ ಅಮೆರಿಕದ ಒಬ್ಬನೇ ಹುಡುಗ ಕೂತು ಮಾಡಿ 2016ರಲ್ಲಿ ಬಿಟ್ಟ ಆಟ. 4 ಕೋಟಿಗೂ ಹೆಚ್ಚು ಪ್ರತಿ ಖರ್ಚಾಗಿದೆ. ಪಟ್ಟಣದ ಆಫೀಸು ಬೇಡವೆಂದು ಒಬ್ಬ ತಾತನ ಹೊಲಕ್ಕೆ ವಾಪಸ್ಸು ಬರುತ್ತಾನೆ. ಕಳೆ ಕೀಳುತ್ತಾನೆ, ನೀರು ಹಾಯಿಸುತ್ತಾನೆ, ದನ ಸಾಕುತ್ತಾನೆ. ಊರವರೆಲ್ಲ ಅವನನ್ನು ಹೆಸರು ಹಿಡಿದು ಮಾತಾಡಿಸುತ್ತಾರೆ. ಇವನೂ ಪ್ರತಿಯೊಬ್ಬರ ಹುಟ್ಟಿದ ದಿನ ನೆನಪಿಟ್ಟು, ಅವರವರಿಗೆ ಇಷ್ಟವಾದದ್ದನ್ನು ಒಯ್ದು ಕೊಟ್ಟು ಸ್ನೇಹ ಬೆಳೆಸಬೇಕು. ಬೆಂಗಳೂರಿನ ಅಳಿಯನ ರೂಮಿನಲ್ಲಿ ರಾತ್ರಿ ಎರಡು ಗಂಟೆಯವರೆಗೂ ಇದೇ ನಡೆಯುತ್ತದಂತೆ.

ಅವ್ವ ಅನ್ನ ಬಡಿಸುತ್ತಾ ಎಲ್ಲ ಕೇಳಿಸಿಕೊಂಡಳು.

"ಅಂದ್ರೆ ದಾರಿಯಾಗೆ ಸಿಕ್ಕೋರು ಹೆಸ್ರು ಹಿಡ್ದು ಮಾತಾಡ್ಸಲಿ ಅಂತ ದುಡ್ಡು ಕೊಡ್ತೀರಾ?"

"ಹೂಂ ಅಜ್ಜಿ."

"ಎಷ್ಟ್ ಕೊಡ್ತೀರಿ ಹೇಳು. ನಮ್ ಕಟ್ಟೆಯೋರ್ನ ನಾಳೆ ಬೆಳಗಿನ ಬಸ್ಸಿಗೇ ನಿನ್ ಜೊತಿ ಕಳಿಸ್ತೀನಿ. ಹೆಸ್ರೊಂದೇ ಅಲ್ಲ, ಸಂಬಳನೂ ಕೇಳ್ತಾರೆ."