ಗೇಟಿನವರೆಗೆ ಮಾತ್ರ ಗಂಡಸು

ಮೊಮ್ಮಗಳನ್ನು ಸೇರಿಸಲು ನಮ್ಮ ಬಡಾವಣೆಯ ಪ್ಲೇಹೋಮ್‌ಗೆ ಹೋಗಿದ್ದೆ. ಪಕ್ಕದ ಕುರ್ಚಿಯಲ್ಲಿ ಒಬ್ಬ ಹುಡುಗ, ತೊಡೆಯ ಮೇಲೆ ಫೈಲು. ನರ್ಸರಿ ಟೀಚರ್ ಟ್ರೈನಿಂಗ್ ಮುಗಿಸಿದ್ದನಂತೆ. ಮೇಡಂ ಸರ್ಟಿಫಿಕೇಟು ತಿರುವಿದರು. ಅವನ ಗಡ್ಡ ನೋಡಿದರು. ‘ಪೇರೆಂಟ್ಸ್ ಒಪ್ಪಲ್ಲಪ್ಪ’ ಅಂದರು. ಆಮೇಲೆ ಕನಿಕರ ಉಕ್ಕಿತು: ‘ಡ್ರೈವಿಂಗ್ ಲೈಸೆನ್ಸ್ ಇದ್ಯಾ? ವ್ಯಾನ್‌ಗೆ ಒಬ್ರು ಬೇಕಿತ್ತು.’

ಲೆಕ್ಕ ಗೊತ್ತಾಯಿತಲ್ಲ? ಕ್ಯಾಮೆರಾ ಇರುವ, ಆಯಾ ಇರುವ, ಬಾಗಿಲು ತೆರೆದ ಕೋಣೆಯಲ್ಲಿ ಗಂಡಸು ಅಪಾಯ. ಹದಿನಾಲ್ಕು ಮಕ್ಕಳನ್ನು ತುಂಬಿಕೊಂಡು ರಿಂಗ್ ರೋಡಿನಲ್ಲಿ ಮುಕ್ಕಾಲು ಗಂಟೆ ತಿರುಗುವ ಗಂಡಸು ಸೌಕರ್ಯ.

ಅದೇ ಪೇರೆಂಟ್ಸು ಸಂಜೆ ಮಗುವನ್ನು ಕರಾಟೆ ಮಾಸ್ಟರ್ ಹತ್ತಿರ ಬಿಟ್ಟು ತರಕಾರಿ ತರಲು ಹೋಗುತ್ತಾರೆ. ಕೀಬೋರ್ಡ್ ಮೇಷ್ಟ್ರು ಮನೆಗೇ ಬರುತ್ತಾರೆ, ಕಾಫಿಯೂ ಉಂಟು. ಅ ಆ ಇ ಈ ಕಲಿಸುತ್ತೇನೆ ಅಂದವನ ಮೇಲೆ ಮಾತ್ರ ಅನುಮಾನ.

ಭಯ ಸುಳ್ಳಲ್ಲ. 2012ರ ಪೋಕ್ಸೋ ಕಾಯ್ದೆ ಸುಮ್ಮನೆ ಬರಲಿಲ್ಲ. ಆದರೆ ಅದು ಮೀಸೆ ನೋಡಿ ಬರೆದ ಕಾಯ್ದೆಯಲ್ಲ. ಕೆಲಸಕ್ಕೆ ಬರುವ ಪ್ರತಿಯೊಬ್ಬರ ಪೂರ್ವಾಪರ ವಿಚಾರಿಸುವುದು ತಲೆನೋವು. ಗಂಡಸರು ಬೇಡ ಅನ್ನುವುದು ಪುಕ್ಕಟೆ.

ಇನ್ನು ನಮ್ಮ ಸರ್ಕಾರಗಳು. ಅಂಗನವಾಡಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ಮೊದಲ 33 ಕಡೆಗಳಲ್ಲಿ ತಿ. ನರಸೀಪುರವೂ ಒಂದು. ಐವತ್ತು ವರ್ಷ ಕಳೆದರೂ ಅರ್ಜಿ ಹಾಕಲು ಹೆಣ್ಣಾಗಿರಬೇಕು. ಯಾಕೆ ಅಂದರೆ ತಾಯ್ತನ. ತಾಯ್ತನಕ್ಕೆ ಸಂಬಳವಿಲ್ಲ, ಗೌರವಧನ. 2018ರಲ್ಲಿ ಕೇಂದ್ರ ತನ್ನ ಪಾಲನ್ನು 3,000ದಿಂದ 4,500 ರೂಪಾಯಿಗೆ ಏರಿಸಿ ಬೆನ್ನು ತಟ್ಟಿಕೊಂಡಿತು. ಇವರಿಗೂ ಗ್ರಾಚ್ಯುಟಿ ಸಲ್ಲುತ್ತದೆ ಅನ್ನಲು 2022ರಲ್ಲಿ ಸುಪ್ರೀಂ ಕೋರ್ಟೇ ಬರಬೇಕಾಯಿತು. ವೇದಿಕೆಯ ಮೇಲೆ ಅವರು ಸಾಕ್ಷಾತ್ ದೇವರು. ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತ ದಿನ ಬರೀ ಕಾರ್ಯಕರ್ತೆಯರು.

ಈ ಕೆಲಸಕ್ಕೆ ಗಂಡಸನ್ನು ಕರೆಯಬೇಕೆಂದರೆ ಮೊದಲು ಇದು ಕೆಲಸ ಅಂತ ಒಪ್ಪಬೇಕು. ಒಪ್ಪಿದರೆ ಸಂಬಳ ಕೊಡಬೇಕು. ಯಾರಿಗೆ ಬೇಕು ಆ ಉಸಾಬರಿ!

‘ಚಿಕ್ಕ ಮಕ್ಕಳ ಮನಸ್ಸು ಗಂಡಸಿಗೆಲ್ಲಿ ತಿಳಿಯುತ್ತೆ ಸರ್’ ಅಂದರು ಮೇಡಂ. ಅವರ ತಲೆಯ ಮೇಲಿನ ಬೋರ್ಡಿನಲ್ಲಿ ಕಿಂಡರ್‌ಗಾರ್ಟನ್ ಅಂತಿತ್ತು. ಆ ಪದ ಕೊಟ್ಟ ಜರ್ಮನಿಯ ಫ್ರೊಬೆಲ್ ಗಂಡಸು. ವಕೀಲಿ ಬಿಟ್ಟು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದ ಗಿಜುಭಾಯಿ ಬಧೇಕಾರನ್ನು ಗುಜರಾತಿನವರು ಮೀಸೆಯುಳ್ಳ ತಾಯಿ ಅಂದರು. ಅಷ್ಟು ದೂರವೇಕೆ, ಆ ಹೊತ್ತಿಗೆ ಒಳಗೆ ಮಕ್ಕಳು ಕಿರುಚುತ್ತಿದ್ದ ನಾಯಿಮರಿ ಪದ್ಯ ಜಿ.ಪಿ. ರಾಜರತ್ನಂ ಅವರದು. ಅವರೇ ಬಯೋಡೇಟಾ ಹಿಡಿದು ಬಂದಿದ್ದರೂ ಕೈಗೆ ವ್ಯಾನಿನ ಕೀ ಸಿಗುತ್ತಿತ್ತು.

ಹೊರಗೆ ಬಂದೆ. ವ್ಯಾನು ನಿಂತಿತ್ತು. ಅಳುತ್ತಿದ್ದ ಮಗುವೊಂದನ್ನು ಡ್ರೈವರ್ ಎತ್ತಿಕೊಂಡ. ತನ್ನ ಕರ್ಚೀಫಿನಿಂದಲೇ ಸಿಂಬಳ ಒರೆಸಿದ. ಅದಲುಬದಲಾಗಿದ್ದ ಶೂ ಬಿಚ್ಚಿ ಸರಿಯಾಗಿ ತೊಡಿಸಿದ. ಕಿವಿಯಲ್ಲಿ ಏನೋ ಹೇಳಿದ, ಮಗು ಕಿಲಕಿಲ ನಕ್ಕಿತು.

ಗೇಟಿನಲ್ಲಿ ಸೆಕ್ಯುರಿಟಿ ಕೈ ಅಡ್ಡ ಹಿಡಿದ. ‘ಇಲ್ಲೇ ಇಳ್ಸಪ್ಪ. ಜೆಂಟ್ಸ್‌ನ ಒಳಗೆ ಬಿಡಲ್ಲ.’

ಮಗು ಮತ್ತೆ ಅಳತೊಡಗಿತು.