ವಾರಂಟಿ ರಾಯರು

ನಮ್ಮ ಬೀದಿಯ ರಾಯರು ಕಾರು ಕೊಂಡರು ಎನ್ನುವುದು ಅರ್ಧ ಸತ್ಯ. ಅವರು ಕೊಂಡದ್ದು 3 ವರ್ಷ ಅಥವಾ 1 ಲಕ್ಷ ಕಿಲೋಮೀಟರಿನ ವಾರಂಟಿ. ಅದರ ಜೊತೆಗೆ ಷೋರೂಮಿನವರು ಒಂದು ಕಾರನ್ನೂ ಕೊಟ್ಟು ಕಳಿಸಿದರು. ಇಂಥ ರಾಯರು ನಿಮ್ಮ ಬಡಾವಣೆಯಲ್ಲೂ ಒಬ್ಬರಿರುತ್ತಾರೆ. ಗುರುತು ಹಿಡಿಯುವುದು ಕಷ್ಟವಲ್ಲ. ಸೀಟಿನ ಪ್ಲಾಸ್ಟಿಕ್ ಕವರು ಇನ್ನೂ ಬಿಚ್ಚಿರುವುದಿಲ್ಲ, ಕಾಲಡಿಯಲ್ಲಿ ಷೋರೂಮಿನ ಕಾಗದವೇ ಮ್ಯಾಟು. ಸ್ಟೇರಿಂಗಿಗೆ ಕಟ್ಟಿದ ಪೂಜೆಯ ದಾರ ಬಣ್ಣಗೆಟ್ಟಿರುತ್ತದೆ, ಕಿಲೋಮೀಟರ್ ಮಾತ್ರ ಇನ್ನೂ ನಾಲ್ಕಂಕಿ ಮುಟ್ಟಿರುವುದಿಲ್ಲ.

ನಾವೆಲ್ಲ ಡ್ಯಾಷ್‌ಬೋರ್ಡಿನ ಡಬ್ಬಿಯಲ್ಲಿ ತುರುಕಿ ಮರೆಯುವ ಕೈಪಿಡಿಯನ್ನು ರಾಯರು ಪಾರಾಯಣ ಮಾಡಿದ್ದಾರೆ. ‘ವಾರಂಟಿಗೆ ಒಳಪಡದವು’ ಎಂಬ ಪುಟ ಬಂದಾಗ ಕನ್ನಡಕ ಒರೆಸಿಕೊಂಡು ನಿಧಾನವಾಗಿ ಓದುತ್ತಾರೆ. ಮುಂದೆ ಒಂದು ಗಟ್ಟಿ ಕಬ್ಬಿಣದ ಗಾರ್ಡು ಹಾಕಿಸಿ ಎಂದು ಪಕ್ಕದ ಮನೆಯವರು ಬಾಯಿತಪ್ಪಿ ಹೇಳಿದ್ದಕ್ಕೆ ಅವರಿಗೆ ಅರ್ಧ ಗಂಟೆ ಉಪನ್ಯಾಸವಾಯಿತು. ಗಾರ್ಡು ಹಾಕಿದರೆ ಗುದ್ದಿನ ಪೆಟ್ಟು ಏರ್‌ಬ್ಯಾಗಿನ ಸೆನ್ಸರಿಗೆ ಸರಿಯಾಗಿ ತಲುಪುವುದಿಲ್ಲ; ಕಾರಿಗೆ ಅಡ್ಡ ಬಂದವನ ಕಾಲು ಉಳಿಯುವುದಿಲ್ಲ; ಅದಕ್ಕೇ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನು ತೋರಿಸಿ 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಇಲಾಖೆ ಎಲ್ಲ ರಾಜ್ಯಗಳಿಗೂ ಪತ್ರ ಬರೆದಿದೆ. “ಇಷ್ಟರ ಮೇಲೆ ವಾರಂಟಿ ಬೇರೆ,” ಎಂದು ರಾಯರು ಮುಗಿಸಿದರು. ಕಾಲಿಗಿಂತ ಅದೇ ದೊಡ್ಡದು ಎನ್ನುವಂತಿತ್ತು ದನಿ.

ಜೆ.ಸಿ. ರಸ್ತೆಯ ಕಾರು ಸಾಮಾನಿನ ಅಂಗಡಿಗಳಲ್ಲಿ ರಾಯರ ಹೆಸರು ಗೊತ್ತಿಲ್ಲ, ಮುಖ ಎಲ್ಲರಿಗೂ ಗೊತ್ತು. ರಿವರ್ಸ್ ಕ್ಯಾಮೆರಾ ಹಾಕಿಸಲು ಹೋದ ದಿನ ನಾನೂ ಜೊತೆಗಿದ್ದೆ.

“ಅರ್ಧ ಗಂಟೆ ಕೆಲ್ಸ ಸಾರ್,” ಎಂದ ಹುಡುಗ.

“ಕರೆಂಟು ಎಲ್ಲಿಂದ ತಗೋತೀಯಪ್ಪಾ?”

“ರಿವರ್ಸ್ ಲೈಟಿನ ವೈರಿಂದ. ಸ್ವಲ್ಪ ಸುಲಿದು ಜಾಯಿಂಟ್ ಕೊಟ್ಟು ಟೇಪ್ ಸುತ್ತಿಬಿಡ್ತೀನಿ.”

ರಾಯರು ಕಾರಿಗೂ ಹುಡುಗನಿಗೂ ನಡುವೆ ಬಂದು ನಿಂತರು. “ವೈರಿಗೆ ಬ್ಲೇಡು ತಾಗಿದ್ರೆ ಎಲೆಕ್ಟ್ರಿಕಲ್ ವಾರಂಟಿ ಕೈಬಿಟ್ಟ ಹಾಗೇ!”

“ಹಾಗಾದ್ರೆ ಕಪ್ಲರ್ ಟು ಕಪ್ಲರ್ ಹಾಕ್ತೀನಿ ಬಿಡಿ ಸಾರ್. ಒಂದು ವೈರೂ ಕಟ್ ಆಗಲ್ಲ.”

“ಬರೆದು ಕೊಡ್ತೀಯಾ?”

ಹುಡುಗ ಮಾಲೀಕನ ಮುಖ ನೋಡಿದ. ಮಾಲೀಕ ಫ್ಯಾನಿನ ಕಡೆ ನೋಡಿದ. ನಾವು ಕಬ್ಬಿನ ಹಾಲು ಕುಡಿದು ವಾಪಸಾದೆವು.

ಹೀಗೆ ಒಂದು ವೈರಿಗೂ ಕೈ ಸೋಕದಂತೆ ಕಾಪಾಡಿದ ಕಾರು ಒಂದು ಬೆಳಗ್ಗೆ ಸ್ಟಾರ್ಟ್ ಆಗಲಿಲ್ಲ. ಬಾನೆಟ್ ಎತ್ತಿದರೆ ವೈರುಗಳೆಲ್ಲ ಚೂರುಚೂರು. ಬ್ಯಾಟರಿ ಪಕ್ಕದಲ್ಲಿ ಒಣಗಿದ ತೆಂಗಿನಕಾಯಿ ಚೂರು. ನಿಂತೇ ಇರುವ ಕಾರು ಇಲಿಗೆ ಇಷ್ಟ. ಸರ್ವಿಸ್ ಸೆಂಟರಿನ ಹುಡುಗಿ ಬಹಳ ವಿನಯದಿಂದ, “ಇಲಿ ಕಡಿದರೆ ವಾರಂಟಿಗೆ ಬರಲ್ಲ ಸರ್, ಇನ್ಶೂರೆನ್ಸ್‌ನಲ್ಲಿ ನೋಡಿ,” ಎಂದಳು. “ನಂಗೊತ್ತಮ್ಮ, ಆ ಪುಟ ಓದಿದೀನಿ,” ಎಂದರು ರಾಯರು. ಅವರ ಶ್ರೀಮತಿಯವರ ಷರಾ ಬೇರೆ: “ದಿನಾ ಓಡಿಸಿದ್ರೆ ಗಣಪತಿ ವಾಹನ ನಿಮ್ಮ ವಾಹನದೊಳಗೆ ಯಾಕೆ ಸಂಸಾರ ಹೂಡ್ತಿತ್ತು?”

ರಾಯರ ಪಾಂಡಿತ್ಯಕ್ಕೆ ತಕ್ಕ ಸವಾಲು ಬಂದದ್ದು ಮೆಲ್ಬರ್ನಿನಿಂದ. ಅಲ್ಲಿರುವ ಮಗ ಹೊಸ ಕಾರಿಗೆ ಟೋಬಾರ್ ಹಾಕಿಸಬೇಕೆಂದ. ಬಂಪರಿನ ಹಿಂದೆ ಚಾಸಿಗೆ ಬೋಲ್ಟು ಮಾಡುವ ಕಬ್ಬಿಣದ ಪಟ್ಟಿ ಅದು. ತುದಿಯಲ್ಲಿ ನಿಂಬೆಹಣ್ಣಿನಷ್ಟು ದಪ್ಪದ, 50 ಮಿಲಿಮೀಟರಿನ ಉಕ್ಕಿನ ಗುಂಡು. ಅದಕ್ಕೆ ಟ್ರೇಲರ್ ಸಿಕ್ಕಿಸಿಕೊಂಡು ಆ ಊರಿನವರು ಹಳೇ ಸೋಫಾದಿಂದ ಹಿಡಿದು ದೋಣಿಯವರೆಗೆ ಎಲ್ಲವನ್ನೂ ತಾವೇ ಎಳೆದೊಯ್ಯುತ್ತಾರೆ. ಟ್ರೇಲರು ಪೆಟ್ರೋಲ್ ಬಂಕಿನಲ್ಲೂ ಬಾಡಿಗೆಗೆ ಸಿಗುತ್ತದೆ.

ವಿಡಿಯೋ ಕಾಲಿನಲ್ಲಿ ರಾಯರು ಒಂದು ವಾರ ಪಾಠ ಹೇಳಿದರು. ಪಾಠವೇನೂ ಪೊಳ್ಳಲ್ಲ. “ಟೋಬಾರ್ ಹಾಕಿಸಿದ ಮಾತ್ರಕ್ಕೆ ಇಡೀ ವಾರಂಟಿ ಹೋಗಲ್ಲ ಕಣೋ. ಕೆಟ್ಟದ್ದು ಅದರಿಂದಲೇ ಕೆಡ್ತು ಅಂತಾದ್ರೆ ಅಷ್ಟಕ್ಕೆ ಮಾತ್ರ ಕಂಪನಿ ಕೈ ಎತ್ತುತ್ತೆ. ಹಾಗಾಗಿ ಅವರಿಗೆ ನೆಪ ಸಿಗಬಾರದು. ನಿನ್ನ ಮಾಡೆಲಿಗೇ ಮಾಡಿದ್ದನ್ನು ಹಾಕಿಸು, ಚಾಸಿಗೆ ಹೊಸ ತೂತು ಬೀಳಬಾರದು. ಕಾರಿಗೊಂದು ಎಳೆಯುವ ಮಿತಿ, ಬಾರಿಗೊಂದು ಮಿತಿ. ಎರಡರಲ್ಲಿ ಯಾವುದು ಕಮ್ಮಿಯೋ ಅದೇ ನಿನ್ನ ಮಿತಿ. ಟ್ರೇಲರಿಗೆ ಬ್ರೇಕಿಲ್ಲದಿದ್ರೆ 750 ಕೆ.ಜಿ. ಮೇಲೆ ಹೋಗಂಗಿಲ್ಲ. ಟ್ರೇಲರಿನ ಲೈಟಿಗೆ ಕಾರಿನ ಲೈಟಿನ ವೈರು ಸುಲಿದ್ರೆ ಕಂಪ್ಯೂಟರು ಜಾಸ್ತಿ ಕರೆಂಟು ಕಂಡು ಎರರ್ ತೋರಿಸುತ್ತೆ. ಕಪ್ಲರ್ ಟು ಕಪ್ಲರ್, ನೆನಪಿರಲಿ! ಬಿಲ್ಲಿನ ಮೇಲೆ ಪಾರ್ಟ್ ನಂಬರ್ ಬರೆಸು. ಇನ್ಶೂರೆನ್ಸಿನವರಿಗೂ ತಿಳಿಸು.” ನಡುವೆ ಒಂದು ಪ್ರಶ್ನೆ: “ಅಲ್ಲಿ ಇಲಿ ಇದಾವೇನೋ?”

ಮಗ ಅಪ್ಪ ಹೇಳಿದಂತೆಯೇ ಹಾಕಿಸಿದ. ಬಿಲ್ಲಿನ ಫೋಟೋ ಬಂತು, ರಾಯರು ಪ್ರಿಂಟ್ ತೆಗೆಸಿ ಫೈಲಿಗೆ ಸೇರಿಸಿದರು. ತಿಂಗಳಾದ ಮೇಲೆ ಕೇಳಿದರು.

“ಏನು ಎಳೆದ್ಯೋ?”

“ಇನ್ನೂ ಏನೂ ಇಲ್ಲಪ್ಪ. ಹೊಸ ಗಾಡಿ, ಮೊದಲ 1,000 ಕಿಲೋಮೀಟರ್ ಟ್ರೇಲರ್ ಎಳೀಬೇಡಿ ಅಂತ ಮ್ಯಾನುಯಲ್‌ನಲ್ಲಿದೆ. ನಾನು ಟ್ರೇನಲ್ಲೇ ಆಫೀಸಿಗೆ ಹೋಗ್ತಿದೀನಿ.”

“ಸೋಫಾ ತರ್ತೀನಿ ಅಂದಿದ್ದೆ?”

“ಅಂಗಡಿಯವರೇ ಡೆಲಿವರಿ ಕೊಟ್ರು.”

ರಾಯರ ಮುಖ ಅರಳಿತು. “ಒಳ್ಳೇದಾಯ್ತು. ಮಳೆಗೆ ಆ ಗುಂಡು ತುಕ್ಕು ಹಿಡಿಯುತ್ತೆ, ಅದಕ್ಕೊಂದು ಕವರ್ ಬರುತ್ತಂತೆ, ತಂದು ಹಾಕಿಬಿಡು.”

“ಹಾಕಿದೀನಪ್ಪ.”

“ಕವರಿಗೆ ವಾರಂಟಿ ಎಷ್ಟು ವರ್ಷ?”