ದುರ್ಗದಬೈಲಿನ ರೀಲಪ್ಪ

ಗಿರಮಿಟ್ಟಿನ ಆಯುಷ್ಯ ಬಹಳ ಕಮ್ಮಿ. ಉಳ್ಳಾಗಡ್ಡಿ, ಟೊಮ್ಯಾಟೊ, ಹುಣಸೆಹುಳಿ, ಬೆಲ್ಲ ಹಾಕಿ ಕುದಿಸಿದ ಗೊಜ್ಜಿಗೆ ಚುರುಮುರಿ ಬಿದ್ದು, ಪುಟಾಣಿ ಹಿಟ್ಟು ಕೂಡಿ, ಮೇಲೆ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು ಉದುರಿಸಿ ಕೈಗೆ ಕೊಟ್ಟ ಕೂಡಲೇ ತಿನ್ನಬೇಕು. ಐದು ನಿಮಿಷ ತಡವಾದರೆ ಚುರುಮುರಿ ನೀರು ಕುಡಿದು ಮೆತ್ತಗಾಗುತ್ತದೆ, ಪಕ್ಕದ ಮಿರ್ಚಿಭಜಿಯೂ ಮುನಿಸಿಕೊಂಡು ಕೂರುತ್ತದೆ. ಹುಬ್ಬಳ್ಳಿಯಲ್ಲಿ ಹುಟ್ಟಿದ ಕೂಸಿಗೂ ಗೊತ್ತಿರುವ ಈ ಸಂಗತಿ ಸಂಜೆ ಹೊತ್ತು ಅಲ್ಲಿನ ದುರ್ಗದಬೈಲು ಪೇಟೆಯಲ್ಲಿ ಒಬ್ಬನಿಗೆ ಮಾತ್ರ ಮರೆತುಹೋಗುತ್ತದೆ. ಅವನ ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈ ಗಾಳಿಯಲ್ಲಿ. ಎದುರಿಗೆ ಮೊಬೈಲ್ ಹಿಡಿದ ಗೆಳೆಯ. “ನಮಸ್ಕಾರ್ರೀ ಹುಬ್ಳಿ ಮಂದಿಗೆ! ಇವತ್ತ ನಾವು ಎಲ್ಲಿಗೆ ಬಂದೇವಪಾ ಅಂದ್ರ…” ಎಂದು ಶುರು ಮಾಡಿ, ಆಟೋದವನು ಹಾರ್ನ್ ಹೊಡೆದನೆಂದು ನಿಲ್ಲಿಸಿ, ಮತ್ತೆ ಶುರು ಮಾಡಿ, ದನವೊಂದು ಅಡ್ಡ ಬಂತೆಂದು ನಿಲ್ಲಿಸಿ, ಕಡೆಗೂ ತುತ್ತು ಬಾಯಿಗೆ ಹೋಗುವಾಗ ಗಿರಮಿಟ್ ತೀರಿಕೊಂಡು ಎಷ್ಟೋ ಹೊತ್ತಾಗಿರುತ್ತದೆ. ಅವನು ಕಣ್ಣು ಮುಚ್ಚಿ, ತಲೆ ಅಲ್ಲಾಡಿಸಿ, “ಏನ್ ಕ್ರಿಸ್ಪ್ ಐತ್ರೀ!” ಎನ್ನುತ್ತಾನೆ. ಆ ಕುರುಂ ಕುರುಂ ಸದ್ದನ್ನು ರಾತ್ರಿ ಮನೆಯಲ್ಲಿ ಆ್ಯಪಿನಿಂದ ತೆಗೆದು ಕೂಡಿಸಲಾಗುತ್ತದೆ. ಇವನನ್ನು ರೀಲಪ್ಪ ಎಂದು ಕರೆಯೋಣ. ಇದು ಯಾರೊಬ್ಬರ ಹೆಸರೂ ಅಲ್ಲದ್ದರಿಂದ ಯಾರೂ ಬೇಜಾರು ಮಾಡಿಕೊಳ್ಳಬೇಕಿಲ್ಲ. ಮಾಡಿಕೊಂಡರೂ ಅದನ್ನೇ ಒಂದು ರೀಲ್ ಮಾಡಿ ಹಾಕುತ್ತಾರೆ.

ರೀಲಪ್ಪನ ವಂಶಾವಳಿ ದೊಡ್ಡದೇನಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. ಟಿಕ್‌ಟಾಕ್ ಎಲ್ಲರಿಗೂ ತುಟಿ ಅಲ್ಲಾಡಿಸುವುದನ್ನು ಕಲಿಸಿತು. 2020ರ ಜೂನ್ 29ಕ್ಕೆ ಸರ್ಕಾರ ಅದನ್ನು ನಿಷೇಧಿಸಿತು. ಹತ್ತು ದಿನ ತುಂಬುವುದರೊಳಗೆ ಇನ್‌ಸ್ಟಾಗ್ರಾಂ ನಮ್ಮ ದೇಶದಲ್ಲಿ ರೀಲ್ಸ್ ತೆರೆದು ಅನಾಥರಾದವರನ್ನೆಲ್ಲ ಕರೆದು ಕೂರಿಸಿತು. ಆಗ ಸಿಗುತ್ತಿದ್ದದ್ದು 15 ಸೆಕೆಂಡು. 2023ರ ಮಾರ್ಚ್‌ನಲ್ಲಿ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 1507 ಮೀಟರ್ ಉದ್ದದ, ಜಗತ್ತಿನಲ್ಲೇ ಅತಿ ಉದ್ದದ ಪ್ಲಾಟ್‌ಫಾರ್ಮ್ ಉದ್ಘಾಟನೆಯಾದಾಗ ರೀಲಪ್ಪ ಅದನ್ನು ಈ ತುದಿಯಿಂದ ಆ ತುದಿಗೆ ನಡೆದು, ನಡಿಗೆಯನ್ನು ಓಡಿಸಿ, ಕಾಲು ನಿಮಿಷದಲ್ಲಿ ಮುಗಿಸಿದ. ಅಲ್ಲಿಂದ ಹೊಟ್ಟೆಯ ಕಡೆ ತಿರುಗಿದ. ಅವನ ಶಬ್ದಭಂಡಾರ ಕಿಸೆಯಲ್ಲಿ ಹಿಡಿಯುವಷ್ಟು: ಬೆಂಕಿ, ಖತರ್ನಾಕ್, ನೆಕ್ಸ್ಟ್ ಲೆವೆಲ್, ಮತ್ತು ಎಲ್ಲದಕ್ಕೂ ಮಿಗಿಲಾಗಿ ಹಿಡನ್ ಜೆಮ್. ಈ ಕಡೆ ಬಟ್ಟೆ ಅಂಗಡಿ, ಆ ಕಡೆ ಹೂವಿನ ಬುಟ್ಟಿ, ನಡುವೆ ಹೆಜ್ಜೆ ಇಡಲು ಜಾಗವಿಲ್ಲದ ಜನ. ಅಂಥಲ್ಲಿ ಅಜ್ಜನ ಕಾಲದಿಂದ ಊರೇ ಬಂದು ತಿನ್ನುವ ಗಾಡಿಯನ್ನು ರೀಲಪ್ಪ ಪ್ರತಿ ಶನಿವಾರ ಹೊಸದಾಗಿ ಪತ್ತೆ ಹಚ್ಚುತ್ತಾನೆ. ದುರ್ಗದಬೈಲಿನಲ್ಲಿ ಬಚ್ಚಿಡಲು ಸಾಧ್ಯವಾಗಿರುವ ವಸ್ತುವೆಂದರೆ ಸಂಜೆ ನಿಲ್ಲಿಸಿ ಹೋದ ಬೈಕು ಒಂದೇ.

ಇಷ್ಟಕ್ಕೆ ಅವನನ್ನು ದಡ್ಡನೆಂದು ನಕ್ಕು ಬಿಟ್ಟರೆ ವಿಷಯ ಕೈತಪ್ಪುತ್ತದೆ. ರೀಲಪ್ಪ ಬಲು ಚುರುಕು. ತನ್ನ ಮಾತನ್ನು ಕೇಳುವವರು ಯಾರೂ ದುರ್ಗದಬೈಲಿನಲ್ಲಿ ನಿಂತಿಲ್ಲ ಎಂಬ ಒಂದು ಸಂಗತಿಯನ್ನು ಅವನು ಚೆನ್ನಾಗಿ ತಿಳಿದುಕೊಂಡಿದ್ದಾನೆ. ಕೇಳುವವನು ಬೆಂಗಳೂರಿನ ಪಿಜಿಯಲ್ಲಿದ್ದಾನೆ, ಪುಣೆಯ ಫ್ಲಾಟಿನಲ್ಲಿದ್ದಾನೆ, ದುಬೈನ ಕ್ಯಾಂಪಿನಲ್ಲಿದ್ದಾನೆ. ಮಿರ್ಚಿಯ ಹಬೆ ಕಂಡು ಊರು ನೆನಪಾಗಿ ಹಾರ್ಟ್ ಒತ್ತುತ್ತಾನೆ. ಅವನು ಮೆಚ್ಚಿದ್ದು ಊರನ್ನು. ಆ್ಯಪು ಲೆಕ್ಕ ಬರೆದುಕೊಂಡದ್ದು ಭಜಿಯ ಹೆಸರಿಗೆ. ಹೀಗೆ ತಿನ್ನದವರು ರುಚಿಗೆ ಅಂಕ ಕೊಡುವ ಪರೀಕ್ಷೆಯಲ್ಲಿ ರೀಲಪ್ಪ ಪಾಸಾಗಬೇಕು. ರುಚಿಯಂತೂ ಮೊಬೈಲಿನಲ್ಲಿ ದಾಟಿ ಹೋಗುವುದಿಲ್ಲ. ದಾಟುವುದು ಬಣ್ಣ, ಸದ್ದು, ಗಾತ್ರ, ಹೊಗೆ ಮತ್ತು ತಿಂದವನ ಮುಖ. ಆದ್ದರಿಂದ ಗಿರಮಿಟ್ ಸೋಲುತ್ತದೆ. ಪಾಪ, ಅದರ ಬಣ್ಣವೇ ಕಂದು. ಕ್ಯಾಮೆರಾದಲ್ಲಿ ಒದ್ದೆ ಮಣ್ಣು ಕಂಡಂತೆ ಕಾಣುತ್ತದೆ. ಎಳೆದರೆ ಹಗ್ಗವಾಗುವ ಚೀಸು, ಕಾವಲಿಯ ಮೇಲೆ ಇಟ್ಟಿಗೆಯ ಗಾತ್ರದ ಬೆಣ್ಣೆ, ನಾಲ್ಕು ಜನ ಕೂತು ಮುಗಿಸಬೇಕಾದ ದೋಸೆ ಗೆಲ್ಲುತ್ತವೆ. ಗಾಡಿಯವನೂ ಲೋಕಜ್ಞಾನಿ. ಯಾವುದರ ಮುಂದೆ ಮೊಬೈಲುಗಳು ಏಳುತ್ತವೆ ಎಂದು ನೋಡಿ ಮಾರನೆಯ ವಾರ ಅದನ್ನೇ ಹೆಚ್ಚಿಸುತ್ತಾನೆ. ಕಣ್ಣಿಗಾಗಿ ಅಡುಗೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲಿ ಸರ್ಕಾರಿ ದಾಖಲೆಯೇ ಇದೆ: 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಯ 171 ಮಾದರಿಗಳನ್ನು ಪರೀಕ್ಷೆ ಮಾಡಿಸಿದಾಗ 107ರಲ್ಲಿ ಕೃತಕ ಬಣ್ಣ ಸಿಕ್ಕಿ, ಆರೋಗ್ಯ ಇಲಾಖೆ ಬಣ್ಣ ಹಾಕುವುದನ್ನೇ ನಿಷೇಧಿಸಿತು. ಗೋಬಿಯ ಆ ಕೆಂಪು ಬಣ್ಣ ರೀಲಪ್ಪ ಹುಟ್ಟುವ ಮೊದಲೇ ಬಂದದ್ದು ಹೌದು. ಆದರೆ ನಾಲಿಗೆಯನ್ನು ಬಿಟ್ಟು ಕಣ್ಣಿನ ಮಾತು ಕೇಳುವ ಆ ಚಾಳಿಗೆ ಈಗ ಊರೂರಿನ ಕಣ್ಣುಗಳು ಬಂದು ಸೇರಿವೆ.

ಇದಕ್ಕೆ ಬರುವ ಮೊದಲ ತಕರಾರು ಗೊತ್ತಿದ್ದದ್ದೇ. ಪ್ಯಾಟಿ ಅಂದ ಮೇಲೆ ಗದ್ದಲ ಇದ್ದದ್ದೇ, ಕೂಗಿ ಮಾರುವುದು ನಿನ್ನೆ ಮೊನ್ನೆಯದೇ? ಹುಬ್ಬಳ್ಳಿಯಲ್ಲಿ ನಾಟಕ ಕಂಪನಿ ಬೀಡುಬಿಟ್ಟಾಗ ಗಾಡಿಗೆ ಮೈಕು ಕಟ್ಟಿಕೊಂಡು, ಬಣ್ಣದ ಕರಪತ್ರ ತೂರುತ್ತ, “ನೋಡಲು ಮರೆಯದಿರಿ, ಮರೆತು ನಿರಾಶರಾಗದಿರಿ” ಎಂದು ಓಣಿ ಓಣಿ ಸುತ್ತಿದವರು ರೀಲಪ್ಪನ ಅಜ್ಜಂದಿರೇ ಅಲ್ಲವೇ? ಒಪ್ಪೋಣ, ಅಜ್ಜಂದಿರೇ. ಉತ್ಪ್ರೇಕ್ಷೆಯಲ್ಲಿ ಮೊಮ್ಮಗ ಅವರ ಕಾಲಧೂಳಿಗೂ ಸಮನಲ್ಲ. ಆದರೆ ಅವರ ಕೂಗಿಗೆ ಒಂದು ಕಡಿವಾಣವಿತ್ತು. ಕೂಗು ಕೇಳಿ ಟಿಕೆಟ್ ತೆಗೆದವನು ರಾತ್ರಿ ಅದೇ ಥಿಯೇಟರಿನಲ್ಲಿ ಕೂತು ನಾಟಕ ನೋಡುತ್ತಿದ್ದ. ಮೆಚ್ಚಿದರೆ ಒನ್ಸ್ ಮೋರ್ ಎಂದು ಅದೇ ಹಾಡನ್ನು ಮತ್ತೆ ಹಾಡಿಸುತ್ತಿದ್ದ, ಮೆಚ್ಚದಿದ್ದರೆ ಮಾರನೆಯ ದಿನ ಚಹಾದಂಗಡಿಯಲ್ಲಿ ಕಂಪನಿಯ ಮಾನ ತೆಗೆಯುತ್ತಿದ್ದ. ದುರ್ಗದಬೈಲಿನಲ್ಲಿ ಮಾವಿನಹಣ್ಣಿನ ಬುಟ್ಟಿ ಇಟ್ಟು “ಸಕ್ಕರಿ, ಸಕ್ಕರಿ” ಎಂದು ಕೂಗುವ ಹೆಣ್ಣುಮಗಳ ಮುಂದೆ ಗಿರಾಕಿ ಒಂದು ಹೋಳು ಇಸಿದುಕೊಂಡು ತಿಂದು, “ಇದೇನ್ ಸಕ್ಕರೀ ಯವ್ವಾ, ಹುಂಚಿಹಣ್ಣಿನ ತಂಗಿ” ಎಂದು ಎದುರಿಗೇ ಹೇಳುತ್ತಾನೆ. ಕೂಗಿದವಳೂ ತಿಂದವನೂ ಮಾರು ದೂರದೊಳಗೆ ಇರುತ್ತಾರೆ. ರೀಲಪ್ಪನಿಗೆ ಆ ಮಾತು ಹೇಳುವವರು ಇಲ್ಲ. ಹೇಳಬಲ್ಲವನು, ಅಂದರೆ ಪಕ್ಕದಲ್ಲೇ ನಿಂತು ಅದೇ ಭಜಿ ತಿನ್ನುತ್ತಿರುವ ಹಮಾಲ, ಫ್ರೇಮಿನಲ್ಲಿ ಬರುತ್ತಾನೆಂದು ಸರಿದು ನಿಲ್ಲಲು ಹೇಳಿಸಿಕೊಂಡವನು.

ಎರಡನೆಯ ತಕರಾರು ಓದುವವರ ಬಳಗದಿಂದ ಬರುತ್ತದೆ, ಅದೂ ನಿಟ್ಟುಸಿರಿನ ಜೊತೆ: ಎಲ್ಲ ಕೆಡುಕಿಗೂ ಆ ಕಾಲು ನಿಮಿಷದ ಮಿತಿಯೇ ಕಾರಣ, ಅಷ್ಟರಲ್ಲಿ ಯಾವ ಕಲೆ ಅರಳೀತು? ಇದು ರೀಲಪ್ಪನ ಪರವಾದ ವಾದವಲ್ಲ, ಆದರೂ ತಪ್ಪು ವಾದ. ಇದೇ ಹುಬ್ಬಳ್ಳಿಯಲ್ಲಿ ಬಾಳಿದ ಗಂಗೂಬಾಯಿ ಹಾನಗಲ್ ಅವರು 1930ರ ದಶಕದಲ್ಲಿ ಎಚ್‌ಎಂವಿಗೆ ಹಾಡಿದಾಗ 78 ಆರ್‌ಪಿಎಂ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದದ್ದು ಮೂರು, ಮೂರೂವರೆ ನಿಮಿಷ. ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಅಷ್ಟರಲ್ಲಿ ತೋರಿಸಬೇಕಿತ್ತು, ತೋರಿಸಿದರು. ಅದಕ್ಕೂ ಮೊದಲು, 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ ಗೌಹರ್ ಜಾನ್ ತಟ್ಟೆಯ ಕೊನೆಗೆ ತಮ್ಮ ಹೆಸರನ್ನು ತಾವೇ ಕೂಗಿ ಹೇಳುತ್ತಿದ್ದರು. ‘ಸಬ್‌ಸ್ಕ್ರೈಬ್ ಮಾಡ್ರಿ, ಬೆಲ್ ಒತ್ತರಿ’ ಎಂಬ ಮಂತ್ರದ ಮೂಲಪುರುಷರನ್ನು ಹುಡುಕುವವರಿಗೆ ಅನುಕೂಲವಾಗಲೆಂದು ಈ ಮಾತು. ಚಿಕ್ಕದಾಗಿ ಹೇಳುವುದು ಕಲೆಗೆ ಯಾವತ್ತೂ ಶತ್ರುವಾಗಿಲ್ಲ. 1956ರಲ್ಲಿ ಹುಬ್ಬಳ್ಳಿಯಿಂದ ಹೊರಟ ‘ಕಸ್ತೂರಿ’ ಮಾಸಪತ್ರಿಕೆ ದೊಡ್ಡ ವಿಷಯಗಳನ್ನು ಕೆಲವೇ ಪುಟಕ್ಕೆ ಇಳಿಸಿಕೊಟ್ಟೇ ಮನೆಮನೆ ಸೇರಿತು. ಅದರ ಸಂಪಾದಕ ಪಾ.ವೆಂ. ಆಚಾರ್ಯರು ಲಾಂಗೂಲಾಚಾರ್ಯ ಎಂಬ ಹೆಸರಿಟ್ಟುಕೊಂಡು ಹರಟೆಯನ್ನೂ ಬರೆದರು. ವ್ಯತ್ಯಾಸ ಇರುವುದು ಉತ್ತರ ಬರುವ ವೇಗದಲ್ಲಿ. ಪತ್ರಿಕೆಯ ಲೇಖಕನಿಗೆ ಓದುಗರ ಪತ್ರ ಮುಟ್ಟುವ ಹೊತ್ತಿಗೆ ಮುಂದಿನ ಹರಟೆ ಅಚ್ಚಿಗೆ ಹೋಗಿರುತ್ತಿತ್ತು. ಆ ಒಂದು ತಿಂಗಳು ಅವನು ಯಾರ ಅಂಜಿಕೆಯೂ ಇಲ್ಲದೆ ತನಗೆ ತೋಚಿದ್ದನ್ನು ಬರೆಯಬಹುದಿತ್ತು. ತಟ್ಟೆಗೆ ಹಾಡಿದವರಿಗೆ ಯಾವ ಮನೆಯಲ್ಲಿ ಯಾರು ಎಷ್ಟನೆಯ ಸೆಕೆಂಡಿಗೆ ಮುಳ್ಳು ಎತ್ತಿದರು ಎಂದು ಯಾರೂ ಹೇಳುತ್ತಿರಲಿಲ್ಲ. ರೀಲಪ್ಪನಿಗೆ ಹೇಳುತ್ತಾರೆ. ಮೂರನೆಯ ಸೆಕೆಂಡಿಗೆ ಇಷ್ಟು ಜನ ಎದ್ದು ಹೋದರು ಎಂಬ ಗೆರೆಯನ್ನು ಅವನು ರಾತ್ರಿ ಹಾಸಿಗೆಯಲ್ಲಿ, ಇಸಿಜಿ ನೋಡುವ ಮುಖ ಮಾಡಿಕೊಂಡು, ನೋಡುತ್ತಾನೆ. ಮರುದಿನ ನಮಸ್ಕಾರ ಹೋಗುತ್ತದೆ. ಆಮೇಲೆ ಗಾಡಿಯವನ ಹೆಸರು, ಗೊಜ್ಜು ಕುದಿಸುವ ಕ್ರಮ ಹೋಗುತ್ತವೆ. ಉಳಿಯುವುದು ಮೊದಲ ಸೆಕೆಂಡಿನಲ್ಲೇ ಒಂದು ಕಿರುಚು. 2025ರಲ್ಲಿ ರೀಲ್ಸಿನ ಮಿತಿ ಮೂರು ನಿಮಿಷಕ್ಕೆ ಏರಿತು, ಹೆಚ್ಚುಕಮ್ಮಿ ಆ ಹಳೇ ತಟ್ಟೆಯಷ್ಟೇ ಉದ್ದ. ಕಿರುಚು ಕಡಿಮೆಯಾಗಲಿಲ್ಲ.

ಮೂರನೆಯ ತಕರಾರಿಗೆ ಸುಲಭದ ಉತ್ತರವಿಲ್ಲ. ರೀಲಪ್ಪ ಏನೇ ಮಾಡಲಿ, ನಮ್ಮ ಮಾತನ್ನು ಮೊಬೈಲಿಗೆ ಹತ್ತಿಸಿದನಲ್ಲ! ಸಿನೆಮಾದಲ್ಲಿ ಧಾರವಾಡ ಕಡೆಯ ಕನ್ನಡ ಬಹಳ ಕಾಲ ನಗೆಪಾತ್ರಕ್ಕೋ ರೌಡಿಗೋ ಮೀಸಲಾಗಿತ್ತು. ನಾಯಕ ಮಂಡ್ಯದಲ್ಲಿ ಹುಟ್ಟಬಹುದಿತ್ತು, ಮೈಸೂರಿನಲ್ಲಿ ಓದಬಹುದಿತ್ತು, ಹುಬ್ಬಳ್ಳಿಗೆ ಬಂದರೆ ಹೊಡೆದಾಟಕ್ಕೆ ಮಾತ್ರ. ಈಗ ಯಾರ ಅಪ್ಪಣೆಯೂ ಬೇಕಿಲ್ಲ. ಶಿವಪುತ್ರ ಯಶಾರಧಾ, ಮಲ್ಲು ಜಮಖಂಡಿ ಅಂಥವರ ನಗೆಯ ತುಣುಕುಗಳನ್ನು ‘ಐತಿ’, ‘ಹೌದಲೇ’ ಗೊತ್ತಿಲ್ಲದ ಕರಾವಳಿಯವರೂ ನೋಡುತ್ತಾರೆ. ಮಾಳು ನಿಪನಾಳರ ‘ನಾ ಡ್ರೈವರ್’ ಹಾಡು ಯೂಟ್ಯೂಬಿನಿಂದ ಹೊರಟು ಮದುವೆ ಮೆರವಣಿಗೆಯ ಡಿಜೆಗಳನ್ನೆಲ್ಲ ಗೆದ್ದಿತು. ಇದು ನಿಜವಾದ ಗಳಿಕೆ, ಇದನ್ನು ಅಲ್ಲಗಳೆಯುವವರು ಬೆಂಗಳೂರಿನ ಸ್ಟುಡಿಯೋಗಳ ಬಾಗಿಲಲ್ಲಿ ಕಾದವರಲ್ಲ. ಆದರೆ ಗಳಿಕೆಯ ಒಳಗೆ ಒಂದು ಸೋರಿಕೆ ಇದೆ. ದುರ್ಗದಬೈಲಿನಲ್ಲಿ ಸೀರೆ ಚೌಕಾಶಿ ಮಾಡುವ ಹೆಣ್ಣುಮಗಳ ಬಾಯಲ್ಲಿ ಈ ಭಾಷೆ ಎಷ್ಟು ಬಗೆಯಾಗಿ ಆಡುತ್ತದೆ ನೋಡಬೇಕು. “ಯಣ್ಣಾ, ನಿಮ್ಮ ಅಂಗಡಿ ಬಿಟ್ಟ ನಾವೆಲ್ಲಿಗೆ ಹೋಗೂನು” ಎಂದು ಬೆಣ್ಣೆ ಹಚ್ಚುವುದು, “ಇರ್ಲಿ ತಗೋರಿ, ನಿಮ್ದ ನಿಮಗಿರ್ಲಿ” ಎಂದು ಎದ್ದು ಹೋಗುವ ನಟನೆ ಮಾಡುವುದು, ಬಾಗಿಲ ತನಕ ಹೋಗಿ “ಕಡೀ ಮಾತು ಹೇಳ್ರಿ” ಎಂದು ತಿರುಗುವುದು. ಒಂದೇ ವ್ಯಾಪಾರದಲ್ಲಿ ಮೂರು ದನಿ, ಮೂರರಲ್ಲೂ ‘ರೀ’ ಬೇರೆ ಬೇರೆ. ರೀಲಪ್ಪ ಅದೇ ಭಾಷೆಯಲ್ಲಿ ಹುಟ್ಟಿದವನು, ಅದೇ ಅಂಗಡಿಯಲ್ಲಿ ತಾಯಿಯ ಸೆರಗು ಹಿಡಿದು ನಿಂತವನು. ಆದರೂ ಮೊಬೈಲ್ ಎದ್ದ ಕೂಡಲೇ ಅವನ ಬಾಯಿಗೆ ಬರುವುದು ಒಂದೇ ದನಿ, ಗಟ್ಟಿ ದನಿ. ಹೊರಗಿನವರು ಹುಬ್ಬಳ್ಳಿಯವ ಹೀಗೇ ಮಾತಾಡುತ್ತಾನೆ ಎಂದುಕೊಂಡಿರುವ ಹಾಗೇ ಅವನು ಮಾತಾಡುತ್ತಾನೆ, ಯಾಕೆಂದರೆ ಗೆರೆ ಮೇಲೆ ಹೋಗುವುದು ಅದಕ್ಕೇ. ಸಿನೆಮಾದವರು ನಮಗೆ ತೊಡಿಸಿದ್ದ ಅಂಗಿಯನ್ನು ಈಗ ನಾವೇ ಅಳತೆ ಕೊಟ್ಟು ಹೊಲಿಸಿಕೊಳ್ಳುತ್ತಿದ್ದೇವೆ. ಮೇಲೆ ಹೆಸರಿಸಿದಂಥ ಕೆಲವರು ಆ ಅಂಗಿಯನ್ನೂ ಹರಿದು ಆಟವಾಡಬಲ್ಲರು. ಅವರ ಹಿಂದೆ ಬಂದ ನೂರಾರು ರೀಲಪ್ಪಂದಿರಿಗೆ ಅಂಗಿಯೇ ಮೈ.

ಗಾಡಿಯವರಿಗೆ ಲಾಭವಾಯಿತಲ್ಲ ಎಂಬ ಮಾತೂ ಇದೆ. ಆಯಿತು, ಸುಳ್ಳಲ್ಲ. ಬೋರ್ಡೂ ಇಲ್ಲದ, ಜಾಹೀರಾತಿಗೆ ಬಿಡಿಗಾಸೂ ಇಲ್ಲದ ಗಾಡಿಯ ಮುಂದೆ ಒಂದು ರೀಲ್ ಜಾತ್ರೆ ನೆರೆಸಬಲ್ಲದು. ಆದರೆ ಬಾಣಲಿ ಒಂದೇ, ಕೈ ಎರಡೇ. ಜಾತ್ರೆಗೆ ಬಂದವರು ಫೋಟೋ ತೆಗೆದುಕೊಂಡು ಮುಂದಿನ ಜಾತ್ರೆಗೆ ಹೋಗುತ್ತಾರೆ; ದಿನಾ ಏಳೂವರೆಗೆ ಬರುತ್ತಿದ್ದ ಗಿರಾಕಿ ಅಷ್ಟರಲ್ಲಿ ಬೇರೆ ಗಾಡಿ ಹಿಡಿದಿರುತ್ತಾನೆ. ಅನುಭವಸ್ಥ ಭಜಿಯವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ರೀಲಪ್ಪ ಬಂದು ನಿಂತರೆ, “ತಿನ್ನಾಕೋ, ಹಿಡ್ಯಾಕೋ?” ಎಂದು ಮೊದಲೇ ಕೇಳುತ್ತಾರೆ. ಹಿಡಿಯಲಿಕ್ಕೆ ಅಂದರೆ ದೊಡ್ಡ ಮಿರ್ಚಿ, ಹಿಂದಿನ ಸುತ್ತಿನದು, ಹಬೆ ಏಳಲೆಂದು ಮತ್ತೊಮ್ಮೆ ಎಣ್ಣೆಗೆ ಬಿಟ್ಟದ್ದು. ತಿನ್ನಲಿಕ್ಕೆ ಅಂದರೆ ಸಣ್ಣದು, ಆಗಷ್ಟೇ ತೇಲಿದ್ದು. ರೀಲಪ್ಪನಿಗೆ ಈ ಭೇದ ಗೊತ್ತಿಲ್ಲವೆಂದು ತಿಳಿಯಬೇಡಿ. ಶೂಟಿಂಗ್ ಮುಗಿಸಿ, ಲೈಟು ಚೀಲಕ್ಕೆ ಹಾಕಿ, ಗೆಳೆಯನನ್ನು ಕರೆದುಕೊಂಡು ಅವನು ದಾಜಿಬಾನಪೇಟೆಯ ಕಡೆ ಒಂದು ಸಂದಿಗೆ ಹೋಗುತ್ತಾನೆ. ಅಲ್ಲೊಂದು ಗಾಡಿ, ಚೀಸಿಲ್ಲ, ಬೆಳಕೂ ಸರಿಯಾಗಿಲ್ಲ. ಪೇಪರಿನಲ್ಲಿ ಕೊಟ್ಟ ಗಿರಮಿಟ್ಟನ್ನು ಮಾತಿಲ್ಲದೆ, ಮೆತ್ತಗಾಗುವ ಮೊದಲು, ಇಬ್ಬರೂ ನಿಂತಲ್ಲೇ ಮುಗಿಸುತ್ತಾರೆ. ಇದನ್ನೊಮ್ಮೆ ರೀಲ್ ಮಾಡಬಾರದೇನೋ ಎಂದು ಗೆಳೆಯ ಕೇಳಿದರೆ ರೀಲಪ್ಪ ಬೆಚ್ಚಿಬೀಳುತ್ತಾನೆ: “ಹುಚ್ಚ ಏನಲೇ? ನಾಳಿಂದ ನಮಗ ಸಿಗೂದಿಲ್ಲ!”